ಉಳಿದವರ ಮನೋಬಲ

ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕಾರ್ಖಾನೆಯೂ ಬಂದಿತು. ಸಂಬಳದ ಜೊತೆಗೆ ಕ್ವಾರ್ಟರ್ಸ್, ಕ್ಯಾಂಟೀನು, ಆಸ್ಪತ್ರೆ ಇದ್ದ ಆ ದಿನಗಳಲ್ಲಿ ನೌಕರನಿಗೆ 'ನಮ್ಮ ಕಾರ್ಖಾನೆ' ಎನ್ನಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಳೆಯೂ ಗೇಟು ತೆರೆದಿರುತ್ತದೆ ಎಂಬ ನಂಬಿಕೆಯೇ ಆ ನಿಷ್ಠೆಯ ಬೇರು.

1980ರ ದಶಕದಲ್ಲಿ ಕ್ವಾರ್ಟ್ಜ್ ಗಡಿಯಾರಗಳೊಡನೆ ಟೈಟಾನ್ ಪೈಪೋಟಿಗೆ ಇಳಿಯಿತು. ಮುಂದೆ ನಷ್ಟ ಬೆಳೆದಂತೆ ವೇತನ ಪರಿಷ್ಕರಣೆ ನಿಂತುಹೋಯಿತು; ಸ್ವಯಂ ನಿವೃತ್ತಿ ಯೋಜನೆಗಳು ಬಂದವು. ಇಂಥ ಯೋಜನೆಗಳಲ್ಲಿ ಒಂದು ತೊಡಕಿದೆ. ಬೇರೆಡೆ ಕೆಲಸ ಸಿಗುವಂಥ ನುರಿತವರೇ ಸಾಮಾನ್ಯವಾಗಿ ಮೊದಲು ಹೊರಡುತ್ತಾರೆ. ಉಳಿದವರ ಪಾಲಿಗೆ ಹೋದವರ ಕೆಲಸವೂ ಬರುತ್ತದೆ, 'ಮುಂದಿನ ಸರದಿ ಯಾರದು?' ಎಂಬ ಅಳುಕೂ ಬರುತ್ತದೆ. ಆಗ ಕೈ ನಿಧಾನವಾದರೆ ಅದನ್ನು ಸೋಮಾರಿತನ ಎನ್ನುವುದು ವ್ಯವಸ್ಥಾಪಕರಿಗೆ ಸುಲಭ, ನ್ಯಾಯವಂತೂ ಅಲ್ಲ.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ನೀಡಿತು. ನೌಕರರ ಪರಿಹಾರವನ್ನು 2007ರ ವೇತನ ಶ್ರೇಣಿಯ ಮೇಲೆ ಲೆಕ್ಕ ಹಾಕಲಾಯಿತು. ದುಡಿಯುತ್ತಿದ್ದಾಗ ಆ ಶ್ರೇಣಿಯ ಸಂಬಳ ಅವರ ಕೈ ಸೇರಿರಲಿಲ್ಲ. ಮನೆಗೆ ಕಳುಹಿಸುವಾಗ ಮಾತ್ರ ಅದು ಕಾಗದದ ಮೇಲೆ ಬಂದಿತು.