ಮರಳಿ ಬರುವ ಪ್ರೇಕ್ಷಕ

ನಾಟಕವೊಂದಕ್ಕೆ ಒಂದು ರಾತ್ರಿಯ ಮಟ್ಟಿಗೆ ಜನರನ್ನು ಕೂಡಿಸುವುದು ಅಸಾಧ್ಯವಾದ ಕೆಲಸವೇನಲ್ಲ. ಬಣ್ಣದ ಭಿತ್ತಿಪತ್ರ, ಹೆಸರಾಂತ ನಟನೊಬ್ಬನ ಭಾವಚಿತ್ರ, ಬೀದಿ ಬೀದಿ ಸುತ್ತುವ ಧ್ವನಿವರ್ಧಕ, ಇಷ್ಟಿದ್ದರೆ ಕುರ್ಚಿಗಳು ತುಂಬಿಯಾವು. ಆದರೆ ಅದೇ ಪ್ರೇಕ್ಷಕನು ಮರುವರ್ಷವೂ ಹೆಂಡತಿ ಮಕ್ಕಳೊಡನೆ ತಾನಾಗಿಯೇ ಬಂದು ಕುಳಿತುಕೊಳ್ಳಬೇಕಾದರೆ? ರಂಗಭೂಮಿಯ ಅಳಿವು ಉಳಿವುಗಳು ಈ ಪ್ರಶ್ನೆಯಲ್ಲಿಯೇ ಅಡಗಿವೆ.

ವೃತ್ತಿ ನಾಟಕ ಮಂಡಳಿಗಳು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತಹ ಮಂಡಳಿಯು ಊರೊಂದರಲ್ಲಿ ಬಿಡಾರ ಹೂಡಿದರೆ ಬಹುಕಾಲ ಅಲ್ಲಿಯೇ ನಿಂತು, ನಾಟಕದ ಮೇಲೆ ನಾಟಕವನ್ನಾಡಿ, ಊರಿನವರಿಗೆ ನೆರೆಮನೆಯವರಂತೆಯೇ ಆಗಿಬಿಡುತ್ತಿತ್ತು. ಮುಂದೆ ಚಲನಚಿತ್ರದ ಪ್ರಾಬಲ್ಯವು ಹೆಚ್ಚಿ ಒಂದೊಂದೇ ಮಂಡಳಿಯು ತನ್ನ ಪರದೆಗಳನ್ನು ಸುತ್ತಿಟ್ಟಾಗ, ಮನೋರಂಜನೆಯೊಡನೆ ಆ ನೆರೆತನವೂ ಜನರ ಕೈತಪ್ಪಿತು.

ಅದನ್ನು ಬೇರೊಂದು ದಾರಿಯಿಂದ ಮತ್ತೆ ಕಟ್ಟಿದ ಕೀರ್ತಿ ಸಾಗರದ ಬಳಿಯ ಹೆಗ್ಗೋಡಿಗೆ ಸಲ್ಲುತ್ತದೆ. ಅಡಕೆ ತೋಟಗಳ ನಡುವಣ ಆ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ಮೊದಲಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಮ್. ಅದರ ಜೀವಾಳವಾಗಿದ್ದ ಕೆ. ವಿ. ಸುಬ್ಬಣ್ಣನವರು ಚಲನಚಿತ್ರವನ್ನು ನಾಟಕದ ವೈರಿಯೆಂದು ಹಳಿಯುತ್ತ ಕೂಡಲಿಲ್ಲ. 1973ರಲ್ಲಿ ಅಲ್ಲಿಯೇ ಚಿತ್ರಸಮಾಜವೊಂದು ತಲೆಯೆತ್ತಿತು. ದೇಶವಿದೇಶಗಳ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರು ಕಂಡರು, ಚರ್ಚಿಸಿದರು. ನೋಡುವ ಕಣ್ಣು ಹದಗೊಂಡ ಬಳಿಕ ಒಳ್ಳೆಯ ನಾಟಕಕ್ಕೆ ಪ್ರೇಕ್ಷಕರ ಅಭಾವವೆಲ್ಲಿಯದು? 1980ರಲ್ಲಿ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ ‘ತಿರುಗಾಟ’ವೂ ಆರಂಭವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ತಿರುಗಾಟದ ಕ್ರಮವು ಸರಳವಾದುದು. ಕೆಲವೇ ನಾಟಕಗಳನ್ನು ಸಿದ್ಧಪಡಿಸಿಕೊಂಡ ತಂಡವು ವೇಷಭೂಷಣ, ರಂಗಸಜ್ಜಿಕೆಗಳೊಡನೆ ನಾಡಿನ ಉದ್ದಗಲಕ್ಕೂ ಸಂಚರಿಸುತ್ತದೆ. ಊರೂರಿನ ಸಂಘಗಳೇ ಆತಿಥೇಯರು. ಆಟವನ್ನು ಗೊತ್ತುಮಾಡಿ, ನೆರೆಹೊರೆಯವರನ್ನು ಕರೆತರುವ ಹೊಣೆ ಅವರದು. ಹೀಗೆ ಪ್ರೇಕ್ಷಕನು ಬರಿಯ ಗಿರಾಕಿಯಾಗಿ ಉಳಿಯದೆ ನಾಟಕದ ಪಾಲುದಾರನಾಗುತ್ತಾನೆ. ತಾನೇ ಕರೆಸಿದ ಅತಿಥಿಯನ್ನು ಮರೆಯುವವರಾರು?

ಹಳ್ಳಿಗೆ ಒಪ್ಪಿದ್ದು ನಗರಕ್ಕೆ ಒಪ್ಪೀತೇ ಎಂಬ ಸಂದೇಹ ಸಹಜವಾದುದೇ. ನಗರವಾಸಿಗೆ ನೆರೆತನಕ್ಕಿಂತ ಸಮಯದ ಚಿಂತೆ ಹೆಚ್ಚು. ಶಂಕರ್ ನಾಗ್ ಅವರ ನೆನಪಿನಲ್ಲಿ 2004ರಲ್ಲಿ ಬೆಂಗಳೂರಿನಲ್ಲಿ ತೆರೆದ ರಂಗಶಂಕರವು ಈ ಚಿಂತೆಯನ್ನೇ ಗೌರವಿಸಿತು. ಅಲ್ಲಿ ನಾಟಕವು ಹೇಳಿದ ವೇಳೆಗೆ ಆರಂಭವಾಗುತ್ತದೆ. ತಡವಾಗಿ ಬಂದವರಿಗೆ, ಅವರು ಎಂತಹ ಗಣ್ಯರೇ ಆಗಿರಲಿ, ಬಾಗಿಲು ತೆರೆಯದು. ಮೊದಮೊದಲು ನಿಷ್ಠುರವೆನಿಸಬಹುದಾದ ಈ ನಿಯಮವು ವೇಳೆಗೆ ಸರಿಯಾಗಿ ಬಂದು ಕುಳಿತ ಸಾಮಾನ್ಯ ಪ್ರೇಕ್ಷಕನಿಗೆ ಸಲ್ಲಿಸುವ ಮರ್ಯಾದೆಯಲ್ಲದೆ ಮತ್ತೇನು?

ಹೆಗ್ಗೋಡಿನ ದಾರಿ ಬೇರೆ, ಬೆಂಗಳೂರಿನ ದಾರಿ ಬೇರೆ. ಎರಡರ ಒಳಗಿನ ತತ್ತ್ವ ಮಾತ್ರ ಒಂದೇ: ಪ್ರೇಕ್ಷಕನಿಂದ ನಿಷ್ಠೆಯನ್ನು ಬಯಸುವ ರಂಗಭೂಮಿಯು ಮೊದಲು ಪ್ರೇಕ್ಷಕನಿಗೆ ನಿಷ್ಠವಾಗಿರಬೇಕು. ಇದರ ಪರೀಕ್ಷೆಯು ಸಭಾಂಗಣ ತುಂಬಿ ತುಳುಕುವ ದಿನ ನಡೆಯುವುದಿಲ್ಲ. ಮಳೆ ಸುರಿದು, ಹತ್ತೇ ಮಂದಿ ಬಂದಿರುವ ರಾತ್ರಿಯಲ್ಲಿಯೂ ಹೇಳಿದ ಹೊತ್ತಿಗೆ ತೆರೆಯನ್ನು ಸರಿಸಿ, ಸಾವಿರ ಜನರೆದುರು ಆಡುವಂತೆಯೇ ಆಡಬಲ್ಲ ತಂಡಕ್ಕೆ ಆ ಹತ್ತು ಮಂದಿಯೂ ಮರಳಿ ಬರುತ್ತಾರೆ. ಬರುವಾಗ ಮತ್ತೊಬ್ಬರನ್ನು ಕರೆತರುತ್ತಾರೆ.