ಮೈಕಸುವಿಗೆ ಬಾಕ್ಸಿಂಗೋ ಕಿಕ್‌ಬಾಕ್ಸಿಂಗೋ?

ಬಾಕ್ಸಿಂಗ್‌ನಲ್ಲಿ ಹೊಡೆಯುವುದು ಕೈ ಮಾತ್ರ. ಕಿಕ್‌ಬಾಕ್ಸಿಂಗ್‌ನಲ್ಲಿ ಕೈಯ ಜೊತೆಗೆ ಕಾಲೂ ಹೊಡೆಯುತ್ತದೆ. ಸ್ಪರ್ಧೆಗೆ ಇಳಿಯುವವರಿಗೆ ಇವು ನಿಯಮ, ಅಂಕ, ತಂತ್ರ ಎಲ್ಲದರಲ್ಲೂ ಬೇರೆಯಾದ ಎರಡು ಕ್ರೀಡೆಗಳು. ಆದರೆ ಹೊಟ್ಟೆ ಕರಗಬೇಕು, ದಮ್ಮು ಹೆಚ್ಚಬೇಕು, ಮೈ ಚುರುಕಾಗಬೇಕು ಎಂದಷ್ಟೇ ಬಯಸುವವರ ಪ್ರಶ್ನೆ ಬೇರೆ. ಗೆಲ್ಲುವುದು ಹೇಗೆ ಎಂಬುದಕ್ಕಿಂತ, ಪೆಟ್ಟು ಮಾಡಿಕೊಳ್ಳದೆ ವರ್ಷಗಟ್ಟಲೆ ಮುಂದುವರಿಸಲು ಯಾವುದು ಒಗ್ಗುತ್ತದೆ ಎಂಬುದೇ ಅವರಿಗೆ ಮುಖ್ಯ.

ತಮಿಳುನಾಡಿನ ಡೆಂಕಣಿಕೋಟೆ, ತಳಿ, ಹೊಸೂರು ಸೀಮೆಯಲ್ಲಿ ಈ ಪ್ರಶ್ನೆಗೆ ತನ್ನದೇ ಹಿನ್ನೆಲೆಯಿದೆ. ಕನ್ನಡ, ತಮಿಳು, ತೆಲುಗು ಮೂರೂ ನಡೆಯುವ ಈ ಗಡಿನಾಡಿನ ಜನಕ್ಕೆ ಎರಡೂ ಆಟಗಳು ಸಿನಿಮಾದಿಂದ ಚೆನ್ನಾಗಿ ಗೊತ್ತು. ಸುದೀಪ್ ಅಭಿನಯದ ‘ಪೈಲ್ವಾನ್’ (2019) ಕುಸ್ತಿ ಅಖಾಡದಿಂದ ಬಾಕ್ಸಿಂಗ್ ರಿಂಗಿಗೆ ಬಂದವನ ಕಥೆ. ಪಾ. ರಂಜಿತ್ ಅವರ ತಮಿಳು ಚಿತ್ರ ‘ಸಾರ್ಪಟ್ಟ ಪರಂಬರೈ’ (2021) ಉತ್ತರ ಚೆನ್ನೈನ ಬಾಕ್ಸಿಂಗ್ ಬಣಗಳ ಕಥೆ. ಪುನೀತ್ ರಾಜ್‌ಕುಮಾರ್ ಅವರ ‘ಮೌರ್ಯ’ (2004) ಮತ್ತು ವಿಜಯ್ ಅವರ ತಮಿಳು ‘ಬದ್ರಿ’ (2001) ಕಿಕ್‌ಬಾಕ್ಸಿಂಗ್ ಚಿತ್ರಗಳು. ತೆರೆಯ ಮೇಲಿನ ಆಟವನ್ನು ನಿತ್ಯದ ವ್ಯಾಯಾಮವಾಗಿಸಿಕೊಳ್ಳುವಾಗ ಮಾತ್ರ ಬೇರೆ ಸಂಗತಿಗಳು ಲೆಕ್ಕಕ್ಕೆ ಬರುತ್ತವೆ: ಕಾರ್ಖಾನೆಯ ಪಾಳಿ, ಮಂಡಿಯ ಸ್ಥಿತಿ, ಕೈಯಲ್ಲಿರುವ ದುಡ್ಡು, ಹತ್ತಿರದಲ್ಲಿ ಸಿಗುವ ಮಾಸ್ಟರ್.

ಎರಡು ಆಟಗಳ ಹುಟ್ಟು

ಇಂದಿನ ಬಾಕ್ಸಿಂಗ್‌ಗೆ ಅಡಿಪಾಯ ಹಾಕಿದ್ದು 1867ರ ಕ್ವೀನ್ಸ್‌ಬೆರಿ ನಿಯಮಗಳು. ಗ್ಲೌಸ್ ಕಡ್ಡಾಯ, ಮೂರು ನಿಮಿಷದ ರೌಂಡ್, ನಡುವೆ ಒಂದು ನಿಮಿಷದ ವಿರಾಮ ಎಂಬ ಕ್ರಮ ಬಂದದ್ದು ಅಲ್ಲಿಂದ. 1904ರಲ್ಲಿ ಬಾಕ್ಸಿಂಗ್ ಒಲಿಂಪಿಕ್ಸ್ ಸೇರಿತು, 2012ರಲ್ಲಿ ಮಹಿಳೆಯರಿಗೂ ಅವಕಾಶ ಸಿಕ್ಕಿತು. ಅದೇ ವರ್ಷ ಮೇರಿ ಕೋಮ್ ಕಂಚು ಗೆದ್ದರು. ತಮಿಳುನಾಡಿನ ವಿ. ದೇವರಾಜನ್ 1994ರಲ್ಲಿ ಬ್ಯಾಂಕಾಕ್‌ನ ವಿಶ್ವಕಪ್‌ನಲ್ಲಿ ಕಂಚು ತಂದಿದ್ದರು.

ಕನ್ನಡ ನಾಡಿಗೆ ಮುಷ್ಟಿಯುದ್ಧ ಹೊಸದಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಕಾಳಗ ಕ್ಷಣಗಳಲ್ಲಿ ಮುಗಿದರೂ ಅದಕ್ಕಾಗಿ ಗರಡಿಮನೆಯಲ್ಲಿ ಮಾಡುವ ಸಾಮು ದೀರ್ಘ. ಮೈಕಸು ಬೇಕಾದವರು ಇಲ್ಲಿ ಗಮನಿಸಬೇಕಾದದ್ದು ಆ ಸಾಮನ್ನು. ಕಾದಾಟವಿಲ್ಲದೆಯೂ ಕಾದಾಳುವಿನ ತಾಲೀಮು ಮಾಡಬಹುದು.

ಕಿಕ್‌ಬಾಕ್ಸಿಂಗ್ ತೀರಾ ಈಚಿನದು. 1960ರ ದಶಕದ ಜಪಾನಿನಲ್ಲಿ ಕರಾಟೆ ಮತ್ತು ಥಾಯ್ಲೆಂಡಿನ ಮುಯೆ ಥಾಯ್ ಎದುರುಬದುರಾದಾಗ ಅದು ರೂಪುಗೊಂಡಿತು. 1970ರ ದಶಕದಲ್ಲಿ ಅಮೆರಿಕದ ಕರಾಟೆ ಪಟುಗಳು ಗ್ಲೌಸ್ ತೊಟ್ಟು ಪೂರ್ಣಬಲದಿಂದ ಹೊಡೆದಾಡುವ ಪಂದ್ಯಗಳನ್ನು ಆರಂಭಿಸಿದರು. 1976ರಲ್ಲಿ ವಾಕೋ ಎಂಬ ವಿಶ್ವ ಸಂಸ್ಥೆ ಹುಟ್ಟಿತು. ಅದಕ್ಕೆ 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ದೊರೆಯಿತು. ಇದರಲ್ಲಿ ಹಲವು ಬಗೆಗಳಿವೆ. ‘ಫುಲ್ ಕಾಂಟ್ಯಾಕ್ಟ್’ನಲ್ಲಿ ಸೊಂಟದ ಮೇಲಕ್ಕೆ ಮಾತ್ರ ಒದೆಯಬಹುದು, ‘ಲೋ ಕಿಕ್’ನಲ್ಲಿ ತೊಡೆಗೂ ಒದೆಯಬಹುದು, ‘ಕೆ-1’ ಬಗೆಯಲ್ಲಿ ಮೊಣಕಾಲಿನ ಹೊಡೆತಕ್ಕೂ ಅವಕಾಶವಿದೆ. ಸೇರುವ ಮುನ್ನ ಅಲ್ಲಿ ಯಾವ ಬಗೆ ಕಲಿಸುತ್ತಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಗುದ್ದಿನ ಒಳಗೆ

ಬಾಕ್ಸಿಂಗ್ ತೋಳಿನ ವ್ಯಾಯಾಮವಷ್ಟೇ ಎಂಬ ನಂಬಿಕೆ ತಪ್ಪು. ಬಲಗೈಯವರು ಎಡಗಾಲು ಮುಂದಿಟ್ಟು, ಬಲಗಾಲು ಹಿಂದಿಟ್ಟು, ಹಿಂದಿನ ಹಿಮ್ಮಡಿಯನ್ನು ತುಸು ಎತ್ತಿ ನಿಲ್ಲುತ್ತಾರೆ. ಗದ್ದ ಕೆಳಗೆ, ಎರಡು ಮುಷ್ಟಿ ಕೆನ್ನೆಯ ಪಕ್ಕ. ಬಲಗೈಯ ನೇರ ಗುದ್ದು ಆರಂಭವಾಗುವುದು ಬಲಪಾದದಿಂದ. ಪಾದ ನೆಲವನ್ನು ತಳ್ಳುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಸೊಂಟ ಅದರ ಹಿಂದೆಯೇ ತಿರುಗುತ್ತದೆ, ಹೆಗಲು ಮುಂದೆ ಬರುತ್ತದೆ, ಕೊನೆಗೆ ಮುಷ್ಟಿ ಹೊರಡುತ್ತದೆ. ಗುರಿ ಮುಟ್ಟುವುದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಆ ಹೊತ್ತಿಗೆ ಮಣಿಕಟ್ಟು ನೆಟ್ಟಗಿರಬೇಕು. ಹೊಡೆಯುವಾಗ ಉಸಿರು ಹೊರಕ್ಕೆ, ಕೈ ಹೋದ ದಾರಿಯಲ್ಲೇ ವಾಪಸು ಕೆನ್ನೆಗೆ. ಮೀನಖಂಡ, ತೊಡೆ, ಸೊಂಟ, ಹೊಟ್ಟೆಯ ಪಕ್ಕದ ಸ್ನಾಯು, ಬೆನ್ನು, ಹೆಗಲು ಎಲ್ಲವೂ ಒಂದೇ ಗುದ್ದಿನಲ್ಲಿ ದುಡಿಯುತ್ತವೆ.

ಕಲಿಯಬೇಕಾದ ಮೂಲ ಗುದ್ದುಗಳು ಕೆಲವೇ: ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), ಕ್ರಾಸ್ (ಹಿಂದಿನ ಕೈಯ ನೇರ ಗುದ್ದು), ಎರಡೂ ಕೈಯ ಹುಕ್ (ಪಕ್ಕದಿಂದ ಬರುವ ಗುದ್ದು), ಎರಡೂ ಕೈಯ ಅಪ್ಪರ್‌ಕಟ್ (ಕೆಳಗಿನಿಂದ ಮೇಲೇಳುವ ಗುದ್ದು). ಇವುಗಳ ಜೊತೆಗೆ ಕಾಲಿನ ಚಲನೆ, ತಲೆ ತಪ್ಪಿಸುವುದು, ಬಗ್ಗುವುದು. ಹೀಗಾಗಿ ಹೊಸಬರು ಕೆಲವೇ ವಾರಗಳಲ್ಲಿ ಬ್ಯಾಗಿನ ಮುಂದೆ ಬೆವರು ಹರಿಯುವಷ್ಟು ದುಡಿಯಬಲ್ಲರು.

ಒಂದು ಒದೆಯ ಒಳಗೆ

ಕಿಕ್‌ಬಾಕ್ಸಿಂಗ್‌ನ ಹೆಚ್ಚು ಬಳಕೆಯ ಒದೆ ರೌಂಡ್‌ಹೌಸ್, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆ. ಬಲಗಾಲು ಮೇಲೇಳುವ ಹೊತ್ತಿಗೆ ಇಡೀ ಮೈಯ ಭಾರ ಎಡಗಾಲಿನ ಮೇಲಿರುತ್ತದೆ. ಆ ಎಡಪಾದ ಮುಂಗಾಲ ತುದಿಯ ಮೇಲೆ ತಿರುಗಿ, ಹಿಮ್ಮಡಿ ಗುರಿಯ ಕಡೆಗೆ ಬರಬೇಕು. ಆಗ ಸೊಂಟ ತೆರೆದುಕೊಂಡು ಒದೆಗೆ ಬಲ ಬರುತ್ತದೆ. ಪಾದ ತಿರುಗದೆ ನೆಲಕ್ಕೆ ಕಚ್ಚಿಕೊಂಡರೆ ಮೈಯ ತಿರುವೆಲ್ಲ ಎಡ ಮಂಡಿಯ ಮೇಲೆ ಬೀಳುತ್ತದೆ. ಒರಟು ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಒದೆ ಕಲಿಯಬಾರದು ಎನ್ನುವುದು ಇದಕ್ಕೇ, ಮ್ಯಾಟ್ ಇರಬೇಕು.

ಸರಿಯಾಗಿ ಕಲಿತರೆ ಇದರ ಲಾಭ ದೊಡ್ಡದು. ತೊಡೆ, ಪೃಷ್ಠದ ಸ್ನಾಯುಗಳು ದೇಹದ ಅತಿ ದೊಡ್ಡ ಸ್ನಾಯುಗಳು. ಅವು ಪದೇಪದೇ ಕೆಲಸ ಮಾಡಿದಾಗ ಏದುಸಿರು ಬೇಗ ಬರುತ್ತದೆ. ಒಂಟಿ ಕಾಲಲ್ಲಿ ನಿಲ್ಲುವುದರಿಂದ ಸಮತೋಲನ ಬೆಳೆಯುತ್ತದೆ, ಸೊಂಟದ ಕೀಲಿನ ಬಿಗಿ ಸಡಿಲುತ್ತದೆ. ಆದರೆ ಆ ಬಿಗಿ ಬಿಡಲು ತಿಂಗಳುಗಳೇ ಬೇಕು. ಕುರ್ಚಿಯಲ್ಲಿ ಕುಳಿತೇ ದಿನ ಕಳೆಯುವವರು ಮೊದಲ ವಾರವೇ ಎದೆಯೆತ್ತರಕ್ಕೆ ಒದೆಯಲು ಹೋದರೆ ತೊಡೆಯ ಹಿಂದಿನ ಸ್ನಾಯುವೋ ತೊಡೆಸಂದಿಯೋ ಉಳುಕುವುದು ಸಾಮಾನ್ಯ.

ಕ್ಯಾಲೊರಿಯ ಲೆಕ್ಕ

ಯಾವುದರಲ್ಲಿ ಹೆಚ್ಚು ಕೊಬ್ಬು ಕರಗುತ್ತದೆ ಎಂಬುದು ಎಲ್ಲರ ಮೊದಲ ಪ್ರಶ್ನೆ. ವ್ಯಾಯಾಮಗಳ ಶ್ರಮವನ್ನು ಅಳೆಯಲು ಸಂಶೋಧಕರು ‘ಮೆಟ್’ ಎಂಬ ಮಾನ ಬಳಸುತ್ತಾರೆ. ಸುಮ್ಮನೆ ಕುಳಿತಾಗ ಆಗುವ ಖರ್ಚು 1 ಮೆಟ್. ಅದು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕಿಲೊಕ್ಯಾಲೊರಿ. ಇದಕ್ಕೆಂದೇ ಇರುವ ಅಂತರರಾಷ್ಟ್ರೀಯ ಪಟ್ಟಿಯ 2011ರ ಆವೃತ್ತಿಯ ಪ್ರಕಾರ ಬ್ಯಾಗ್ ಹೊಡೆಯುವುದು 5.5 ಮೆಟ್, ಜೊತೆಗಾರನೊಡನೆ ಸ್ಪಾರಿಂಗ್ 7.8, ರಿಂಗಿನಲ್ಲಿ ಪಂದ್ಯ 12.8. ಕಿಕ್‌ಬಾಕ್ಸಿಂಗ್, ಕರಾಟೆ ಮುಂತಾದವು ಮಧ್ಯಮ ವೇಗದಲ್ಲಿ 10.3, ಹೊಸಬರ ನಿಧಾನ ಅಭ್ಯಾಸವಾದರೆ 5.3 ಮಾತ್ರ.

60 ಕಿಲೋ ತೂಕದವರಿಗೆ ಇದನ್ನು ಅನ್ವಯಿಸಿದರೆ, ಒಂದು ಗಂಟೆ ಬ್ಯಾಗ್ ಹೊಡೆದಾಗ ಸುಮಾರು 330 ಕಿಲೊಕ್ಯಾಲೊರಿ, ಪಳಗಿದವರ ಕಿಕ್‌ಬಾಕ್ಸಿಂಗ್‌ನಲ್ಲಿ ಸುಮಾರು 620, ಹೊಸಬರ ಕಿಕ್‌ಬಾಕ್ಸಿಂಗ್‌ನಲ್ಲಿ ಸುಮಾರು 320 ಖರ್ಚಾಗುತ್ತದೆ. ಕಿಕ್‌ಬಾಕ್ಸಿಂಗ್‌ನಲ್ಲಿ ದುಪ್ಪಟ್ಟು ಕರಗುತ್ತದೆ ಎಂಬ ಜಾಹೀರಾತಿನ ಮಾತು ಪಳಗಿದವರಿಗಷ್ಟೇ ನಿಜ. ಮೊದಲ ತಿಂಗಳುಗಳಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ; ವ್ಯತ್ಯಾಸ ಮಾಡುವುದು ಎಷ್ಟು ಶ್ರಮದಿಂದ, ವಾರಕ್ಕೆ ಎಷ್ಟು ದಿನ ಮಾಡುತ್ತಾರೆ ಎಂಬುದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಅಥವಾ 75ರಿಂದ 150 ನಿಮಿಷ ಹೆಚ್ಚು ಶ್ರಮದ ವ್ಯಾಯಾಮ ಮಾಡಬೇಕು, ಎರಡು ದಿನವಾದರೂ ಸ್ನಾಯುಬಲದ ಅಭ್ಯಾಸ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಮೂರು ದಿನ, ದಿನಕ್ಕೆ ನಲವತ್ತೈದು ನಿಮಿಷ ಎರಡರಲ್ಲಿ ಯಾವುದನ್ನು ಹೆಚ್ಚು ಶ್ರಮದಿಂದ ಮಾಡಿದರೂ ಬೆವರಿನ ಭಾಗ ಸಾಕಾಗುತ್ತದೆ. ಬಲಕ್ಕೆ ಗರಡಿಮನೆಯ ದಂಡ, ಬಸ್ಕಿಗಳು ಇಂದಿಗೂ ಉಪಯುಕ್ತ.

ಪೆಟ್ಟಿನ ವಿಚಾರ

ಈ ಆಟಗಳ ನಿಜವಾದ ಅಪಾಯವಿರುವುದು ತಲೆಗೆ ಬೀಳುವ ಪೆಟ್ಟಿನಲ್ಲಿ. ಬಾಕ್ಸರುಗಳ ಮಿದುಳಿಗೆ ಕಾಲಾಂತರದಲ್ಲಿ ಆಗುವ ಹಾನಿಯನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ದಾಖಲಿಸಿದರು. ತಲೆಕವಚ ಚರ್ಮದ ಗಾಯ ತಪ್ಪಿಸುತ್ತದೆ, ಆದರೆ ಪೆಟ್ಟಿಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಮಕ್ಕಳು ಬಾಕ್ಸಿಂಗ್ ಪಂದ್ಯ ಆಡಬಾರದು ಎಂದು ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲಿ ಎಚ್ಚರಿಸಿವೆ. ಈ ವಿಷಯದಲ್ಲಿ ಕಿಕ್‌ಬಾಕ್ಸಿಂಗ್ ಸುರಕ್ಷಿತವೇನಲ್ಲ. ಅಲ್ಲಿ ತಲೆಗೆ ಗುದ್ದೂ ಬೀಳುತ್ತದೆ, ಒದೆಯೂ ಬೀಳುತ್ತದೆ.

ಆದರೆ ಆರೋಗ್ಯಕ್ಕಾಗಿ ಬರುವವರು ತಲೆಗೆ ಪೆಟ್ಟು ತಿನ್ನಬೇಕಾಗಿಯೇ ಇಲ್ಲ. ಶ್ಯಾಡೋ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಹೊಡೆಯುವ ಅಭ್ಯಾಸ), ಬ್ಯಾಗ್, ಪ್ಯಾಡ್, ಸ್ಕಿಪ್ಪಿಂಗ್ ಇಷ್ಟರಲ್ಲೇ ವ್ಯಾಯಾಮದ ಫಲವೆಲ್ಲ ಇದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 2006ರಲ್ಲಿ ಶುರುವಾದ ‘ರಾಕ್ ಸ್ಟೆಡಿ ಬಾಕ್ಸಿಂಗ್’ನಲ್ಲಿ ಪಾರ್ಕಿನ್ಸನ್ ರೋಗಿಗಳೇ ಯಾರಿಂದಲೂ ಹೊಡೆಸಿಕೊಳ್ಳದೆ ಬಾಕ್ಸಿಂಗ್ ತಾಲೀಮು ಮಾಡುತ್ತಾರೆ.

ಹೊಡೆಸಿಕೊಳ್ಳದಿದ್ದರೂ ಆಗಬಹುದಾದ ನೋವುಗಳು ಎರಡರಲ್ಲಿ ಬೇರೆ ಬೇರೆ. ಬಾಕ್ಸಿಂಗ್‌ನಲ್ಲಿ ಮಣಿಕಟ್ಟು, ಬೆರಳಿನ ಮೂಳೆ, ಹೆಗಲು ನೋಯುತ್ತವೆ. ಕಿಕ್‌ಬಾಕ್ಸಿಂಗ್‌ನಲ್ಲಿ ಇವುಗಳ ಜೊತೆಗೆ ಮಂಡಿ, ಪಾದದ ಕೀಲು, ತೊಡೆಸಂದಿ, ಮೊಣಕಾಲಿನ ಕೆಳಗಿನ ಮೂಳೆ ಸೇರುತ್ತವೆ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಎರಡರಲ್ಲಿ ಯಾವುದಕ್ಕೇ ಆದರೂ ವೈದ್ಯರನ್ನು ಕೇಳಿಯೇ ಸೇರಬೇಕು.

ಸಾಮಾನು ಮತ್ತು ಮಾಸ್ಟರ್

ಮೊದಲು ಕೊಳ್ಳಬೇಕಾದದ್ದು ಕೈಗೆ ಸುತ್ತುವ ಪಟ್ಟಿ. ದೊಡ್ಡವರಿಗೆ ನಾಲ್ಕೂವರೆ ಮೀಟರ್ ಉದ್ದದ್ದು ಸರಿ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು ಸುತ್ತು ತಂದು ಮತ್ತೆ ಮಣಿಕಟ್ಟಿನಲ್ಲಿ ಮುಗಿಸಬೇಕು. ಪಟ್ಟಿಯಿಲ್ಲದೆ ಬ್ಯಾಗ್ ಹೊಡೆಯಬಾರದು. ಬ್ಯಾಗ್ ಅಭ್ಯಾಸಕ್ಕೆ 12 ಅಥವಾ 14 ಔನ್ಸಿನ ಗ್ಲೌಸ್ ಸಾಕು. ಕಿಕ್‌ಬಾಕ್ಸಿಂಗ್‌ಗೆ ಇದರ ಮೇಲೆ ಕಾಲಿನ ಗಾರ್ಡ್, ಉದ್ದದ ಬ್ಯಾಗ್, ಮ್ಯಾಟ್, ಕಾಲು ಬೀಸುವಷ್ಟು ಜಾಗ ಬೇಕು. ಬಾಕ್ಸಿಂಗ್‌ನ ಶ್ಯಾಡೋ ಮತ್ತು ಸ್ಕಿಪ್ಪಿಂಗ್ ಮನೆಯ ಅಂಗಳದಲ್ಲೇ ಆಗುತ್ತದೆ. ಡೆಂಕಣಿಕೋಟೆಯಿಂದ ಸುಮಾರು 25 ಕಿ.ಮೀ. ದೂರದ ಹೊಸೂರಿನ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವವರಿಗೆ ದಿನವೂ ತರಗತಿಗೆ ಹೋಗುವುದು ಕಷ್ಟ. ಮನೆಯಲ್ಲೇ ಅಭ್ಯಾಸ ಮಾಡಬಹುದಾದದ್ದು ಅವರಿಗೆ ದೊಡ್ಡ ಅನುಕೂಲ.

ಮಾಸ್ಟರ್ ಆಯ್ಕೆಯಲ್ಲಿ ಸಂಕೋಚ ಬೇಡ. ಬಾಕ್ಸಿಂಗ್ ಕಲಿಸುವವರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆಯೇ ಎಂದು ಕೇಳಬಹುದು. ಕಿಕ್‌ಬಾಕ್ಸಿಂಗ್‌ನಲ್ಲಾದರೆ ಅವರು ಎಲ್ಲಿ ಕಲಿತರು, ಯಾವ ಒಕ್ಕೂಟಕ್ಕೆ ಸೇರಿದವರು ಎಂದು ಕೇಳಬೇಕು. ಪ್ರಮಾಣಪತ್ರಕ್ಕಿಂತ ಒಂದು ತರಗತಿ ಕುಳಿತು ನೋಡುವುದು ಇನ್ನೂ ಒಳ್ಳೆಯದು. ಹೊಸಬರಿಗೆ ನಿಲುವು, ಪಾದ ತಿದ್ದುವವರು ಒಳ್ಳೆಯ ಮಾಸ್ಟರ್. ಮೊದಲ ವಾರವೇ ಸ್ಪಾರಿಂಗ್‌ಗೆ ಇಳಿಸುವ ಕಡೆ ಸೇರಬಾರದು.

ಯಾರಿಗೆ ಯಾವುದು

ಮಂಡಿನೋವು, ಸೊಂಟದ ಬಿಗಿ, ಹೆಚ್ಚು ತೂಕ ಇರುವವರಿಗೆ ಬಾಕ್ಸಿಂಗ್ ಒಗ್ಗುತ್ತದೆ. ಸಮಯ, ಜಾಗ, ಹಣ ಕಡಿಮೆ ಇರುವವರಿಗೂ ಅದೇ. ಮಣಿಕಟ್ಟು, ಹೆಗಲಿನ ತೊಂದರೆ ಇರುವವರು ಅದನ್ನು ಎಚ್ಚರದಿಂದ ಮಾಡಬೇಕು. ಕೀಲುಗಳು ಗಟ್ಟಿಯಿರುವ, ಒಂದೇ ಬಗೆಯ ಅಭ್ಯಾಸಕ್ಕೆ ಬೇಗ ಬೇಸರಪಡುವ, ಮೈ ಬಾಗುಗುಣ ಬಯಸುವ ಯುವಕ ಯುವತಿಯರಿಗೆ ಕಿಕ್‌ಬಾಕ್ಸಿಂಗ್ ಹೆಚ್ಚು ಕೊಡುತ್ತದೆ. ದಿನವಿಡೀ ಯಂತ್ರದ ಮುಂದೆ ನಿಂತೇ ಇರುವವರ ಕಾಲು ಮೊದಲೇ ದಣಿದಿರುತ್ತದೆ. ಅವರು ರಜೆಯ ದಿನಕ್ಕೆ ಒದೆಯ ಅಭ್ಯಾಸ ಇಟ್ಟುಕೊಳ್ಳುವುದು ಲೇಸು.

ಆಯ್ದದ್ದಕ್ಕೆ ಕೊನೆಯವರೆಗೂ ಅಂಟಿಕೊಳ್ಳಬೇಕಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ, 2023ರಲ್ಲಿ ವಿಶ್ವ ಚಾಂಪಿಯನ್ ಆದ ಅಸ್ಸಾಮಿನ ಲವ್ಲಿನಾ ಬೊರ್ಗೊಹೈನ್ ಮೊದಲು ಕಲಿತದ್ದು ಮುಯೆ ಥಾಯ್. ಬಾಕ್ಸಿಂಗ್‌ಗೆ ಬಂದದ್ದು ಆಮೇಲೆ. ನಿಲುವು, ದೂರದ ಅಂದಾಜು, ಉಸಿರಾಟ ಒಂದರಿಂದ ಇನ್ನೊಂದಕ್ಕೆ ಜೊತೆಗೇ ಬರುತ್ತವೆ.

ಏನೂ ತಿಳಿಯದೆ ಹೊಸದಾಗಿ ಶುರುಮಾಡುವ ಹೆಚ್ಚಿನವರಿಗೆ ಮೊದಲ ಮೂರು ತಿಂಗಳು ಬಾಕ್ಸಿಂಗ್ ಉತ್ತಮ: ಕಲಿಯುವುದು ಕಡಿಮೆ, ಖರ್ಚು ಕಡಿಮೆ, ಮಂಡಿಗೆ ಅಪಾಯ ಕಡಿಮೆ. ಅಷ್ಟರಲ್ಲಿ ಕಾಲು ಗಟ್ಟಿಯಾಗಿ, ಸೊಂಟ ಸಡಿಲಾಗಿ, ಮನಸ್ಸಿಗೂ ಆಸೆಯಿದ್ದರೆ ಒದೆಗಳನ್ನು ಸೇರಿಸಿಕೊಳ್ಳಬಹುದು. ಆದರೆ ಊರಿನಲ್ಲಿ ಒಳ್ಳೆಯ ಕಿಕ್‌ಬಾಕ್ಸಿಂಗ್ ಮಾಸ್ಟರ್ ಇದ್ದು, ಬಾಕ್ಸಿಂಗ್‌ಗೆ ಬಸ್ಸು ಹತ್ತಿ ಹೋಗಬೇಕಾದರೆ ಊರಿನ ಮಾಸ್ಟರ್ ಹತ್ತಿರವೇ ಸೇರಿಕೊಳ್ಳುವುದು ಸರಿ. ತಪ್ಪದೆ ಹೋಗಲು ಸಾಧ್ಯವಾಗುವ ತರಗತಿಯೇ ಮೈಗೆ ಹತ್ತುತ್ತದೆ.