ನಾಲಿಗೆ ಮತ್ತು ದವಡೆಯ ಚಾಲಕ ನರಕೋಶಗಳ ನರಪ್ರೇಷಕಗಳು

ನಾಲಿಗೆ ಮತ್ತು ದವಡೆಯ ಸ್ನಾಯುಗಳನ್ನು ಆಡಿಸುವ ಚಾಲಕ ನರಕೋಶಗಳು ಮಿದುಳುಕಾಂಡದಲ್ಲಿವೆ. ಅಗಿಯುವುದು, ನುಂಗುವುದು, ಮಾತನಾಡುವುದು ಹಾಗೂ ಗಂಟಲಿನಲ್ಲಿ ಉಸಿರಿನ ದಾರಿಯನ್ನು ತೆರೆದಿಡುವುದು ಇವುಗಳನ್ನು ಅವಲಂಬಿಸಿವೆ. ಈ ನರಕೋಶಗಳು ಯಾವಾಗ, ಎಷ್ಟರಮಟ್ಟಿಗೆ ಉದ್ದೀಪನಗೊಳ್ಳಬೇಕೆಂಬುದನ್ನು ಗ್ಲುಟಮೇಟ್, ಗ್ಲೈಸಿನ್, ಗಾಬಾ, ಸೆರೊಟೋನಿನ್, ನಾರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್ ಮೊದಲಾದ ನರಪ್ರೇಷಕಗಳು ನಿರ್ಧರಿಸುತ್ತವೆ. ಎಚ್ಚರವಿರುವಾಗ ಗಮನಕ್ಕೆ ಬಾರದ ಈ ಏರ್ಪಾಡಿನ ಮಹತ್ವ ನಿದ್ರೆಯಲ್ಲಿ ಸ್ಪಷ್ಟವಾಗುತ್ತದೆ.

ನೆಲೆ

ನಾಲಿಗೆಯ ಚಾಲಕ ನರಕೋಶಗಳು ಮೆಡುಲ್ಲಾದಲ್ಲಿ, ಮಧ್ಯರೇಖೆಯ ಪಕ್ಕದ ಹೈಪೋಗ್ಲಾಸಲ್ ನರಕೇಂದ್ರದಲ್ಲಿವೆ. ಇಲ್ಲಿಂದ ಹೊರಡುವ 12ನೆಯ ಕಪಾಲನರವು ಪ್ಯಾಲಟೋಗ್ಲಾಸಸ್ ಒಂದನ್ನು ಬಿಟ್ಟು ನಾಲಿಗೆಯ ಎಲ್ಲ ಸ್ನಾಯುಗಳನ್ನೂ ತಲುಪುತ್ತದೆ. ಇವುಗಳಲ್ಲಿ ಮುಖ್ಯವಾದುದು ಜೀನಿಯೋಗ್ಲಾಸಸ್. ಇದು ನಾಲಿಗೆಯನ್ನು ಮುಂದಕ್ಕೆ ಎಳೆದು, ಅದು ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚದಂತೆ ತಡೆಯುತ್ತದೆ. ದವಡೆಯ ಚಾಲಕ ನರಕೋಶಗಳು ಅದಕ್ಕಿಂತ ಮೇಲೆ, ಪಾನ್ಸ್‌ನಲ್ಲಿವೆ. 5ನೆಯ ಕಪಾಲನರವಾದ ಟ್ರೈಜೆಮಿನಲ್ ನರದ ಮೂಲಕ ಅಗಿಯುವ ಸ್ನಾಯುಗಳಿಗೆ ಆದೇಶ ಹೋಗುತ್ತದೆ.

ಉದ್ದೀಪನ ಮತ್ತು ಪ್ರತಿಬಂಧ

ಉದ್ದೀಪಿಸುವ ಪ್ರಧಾನ ಪ್ರೇಷಕ ಗ್ಲುಟಮೇಟ್. ಉಸಿರಾಟದ ಲಯವನ್ನು ಹುಟ್ಟಿಸುವ ಮೆಡುಲ್ಲಾದ ಜಾಲದಿಂದ ನಾಲಿಗೆಗೂ, ಅಗಿತದ ಲಯವನ್ನು ರೂಪಿಸುವ ಜಾಲದಿಂದ ದವಡೆಗೂ ಸಂಕೇತಗಳನ್ನು ಮುಟ್ಟಿಸುವುದು ಇದೇ.

ಗ್ಲೈಸಿನ್ ಮತ್ತು ಗಾಬಾ ಪ್ರತಿಬಂಧಕಗಳು. ಇವು ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ಧನುರ್ವಾಯು ರೋಗವೇ ಸಾಕ್ಷಿ. ಟೆಟನಸ್ ಬ್ಯಾಕ್ಟೀರಿಯಾದ ವಿಷವು ನರಗಳ ಗುಂಟ ಮೇಲೇರಿ, ಪ್ರತಿಬಂಧಕ ನರತುದಿಗಳಿಂದ ಈ ಎರಡು ಪ್ರೇಷಕಗಳ ಬಿಡುಗಡೆಯನ್ನು ತಡೆಯುತ್ತದೆ. ಕಡಿವಾಣವಿಲ್ಲದ ಚಾಲಕ ನರಕೋಶಗಳು ಸ್ನಾಯುಗಳನ್ನು ಬಿಗಿಹಿಡಿಯುತ್ತವೆ. ರೋಗದ ಮೊದಲ ಲಕ್ಷಣವಾಗಿ ಅನೇಕರಲ್ಲಿ ದವಡೆ ಕಚ್ಚಿಕೊಳ್ಳುವುದು ಇದರಿಂದಲೇ.

ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಕೆಲಸ ಬೇರೆ ಬಗೆಯದು. ಇವು ಆದೇಶ ಕೊಡುವುದಕ್ಕಿಂತ ಹೆಚ್ಚಾಗಿ, ಬಂದ ಆದೇಶಕ್ಕೆ ನರಕೋಶ ಎಷ್ಟು ಸುಲಭವಾಗಿ ಸ್ಪಂದಿಸಬೇಕೆಂಬುದನ್ನು ಹೊಂದಿಸುತ್ತವೆ. ಸೆರೊಟೋನಿನ್ ರಾಫೆ ನರಕೇಂದ್ರಗಳಿಂದಲೂ ನಾರ್‌ಅಡ್ರಿನಲಿನ್ ಪಾನ್ಸ್‌ನ ಕೋಶಸಮೂಹಗಳಿಂದಲೂ ಬರುತ್ತದೆ.

ನಿದ್ರೆಯಲ್ಲಿ ಆಗುವ ಬದಲಾವಣೆ

ನಿದ್ರೆ ಹತ್ತಿದಂತೆ ಈ ಎರಡು ಪ್ರೇಷಕಗಳ ಪೂರೈಕೆ ತಗ್ಗುತ್ತದೆ. ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ, ಕನಸುಗಳು ಹೆಚ್ಚಾಗಿ ಬೀಳುವ ರೆಮ್ ನಿದ್ರೆಯಲ್ಲಿ ಅದು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಈ ಹಂತದಲ್ಲಿ ದೇಹದ ಸ್ನಾಯುಗಳು ಸಡಿಲಗೊಳ್ಳುವುದನ್ನು ಫ್ರಾನ್ಸಿನ ಮಿಶೆಲ್ ಜೂವೆ 1959ರಲ್ಲಿ ಬೆಕ್ಕುಗಳಲ್ಲಿ ವರದಿ ಮಾಡಿದರು. ಇದಕ್ಕೆ ಗ್ಲೈಸಿನ್‌ನ ಪ್ರತಿಬಂಧವೇ ಕಾರಣವೆಂಬ ವಿವರಣೆ ಬಹುಕಾಲ ಪ್ರಚಲಿತವಾಗಿತ್ತು. ದವಡೆಯ ವಿಷಯದಲ್ಲಿ ಅದು ಹೆಚ್ಚು ಸಮಂಜಸ. ಆದರೂ ಬ್ರೂಕ್ಸ್ ಮತ್ತು ಪೀವರ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗ್ಲೈಸಿನ್ ಜೊತೆಗೆ ಗಾಬಾದ ಎರಡೂ ಬಗೆಯ ಗ್ರಾಹಕಗಳನ್ನು ಒಟ್ಟಿಗೆ ತಡೆದಾಗ ಮಾತ್ರ ಇಲಿಗಳ ದವಡೆಯ ಸ್ನಾಯುಗಳಿಗೆ ರೆಮ್ ನಿದ್ರೆಯಲ್ಲಿ ಬಲ ಮರಳಿತು.

ನಾಲಿಗೆಗೆ ಈ ವಿವರಣೆ ಪೂರ್ತಿಯಾಗಿ ಹೊಂದುವುದಿಲ್ಲ. ಹೈಪೋಗ್ಲಾಸಲ್ ನರಕೇಂದ್ರದಲ್ಲಿ ಸೆರೊಟೋನಿನ್ ಹಾಗೂ ನಾರ್‌ಅಡ್ರಿನಲಿನ್‌ಗಳ ಬೆಂಬಲ ಕಳಚಿಹೋಗುವುದೇ ದೊಡ್ಡ ಕಾರಣವೆಂದು ಒಂದು ಗುಂಪಿನ ಸಂಶೋಧಕರೂ, ಅಸಿಟೈಲ್‌ಕೋಲಿನ್ ಮಸ್ಕರಿನಿಕ್ ಗ್ರಾಹಕಗಳ ಮೂಲಕ ಪೊಟ್ಯಾಸಿಯಂ ನಾಳಗಳನ್ನು ತೆರೆದು ನರಕೋಶವನ್ನು ಸುಮ್ಮನಾಗಿಸುತ್ತದೆಂದು ಇನ್ನೊಂದು ಗುಂಪಿನವರೂ ತೋರಿಸಿದ್ದಾರೆ. ಎರಡೂ ಒಟ್ಟಿಗೆ ನಡೆಯಲು ಅಡ್ಡಿಯೇನಿಲ್ಲ.

ವೈದ್ಯಕೀಯ ಮಹತ್ವ

ಗಂಟಲು ಮೊದಲೇ ಕಿರಿದಾಗಿರುವವರಲ್ಲಿ ಜೀನಿಯೋಗ್ಲಾಸಸ್ ಸಡಿಲವಾದರೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದ ಆಮ್ಲಜನಕ ಇಳಿದು, ರೋಗಿ ಅರೆ ಎಚ್ಚರಗೊಂಡು ಮತ್ತೆ ಉಸಿರೆಳೆಯುತ್ತಾನೆ. ರಾತ್ರಿಯಿಡೀ ಇದೇ ಮರುಕಳಿಸುವುದು ಪ್ರತಿರೋಧಕ ನಿದ್ರಾ ಉಸಿರುಕಟ್ಟುವಿಕೆ. ಗೊರಕೆ ಇದರ ಸಾಮಾನ್ಯ ಲಕ್ಷಣವಾದರೂ ಗೊರಕೆ ಹೊಡೆಯುವವರೆಲ್ಲರಿಗೂ ಈ ರೋಗವಿರುವುದಿಲ್ಲ.

ಮುಖವಾಡದ ಮೂಲಕ ಒತ್ತಡದ ಗಾಳಿ ನೀಡುವುದು ಇದರ ಪ್ರಮುಖ ಚಿಕಿತ್ಸೆ. ಹೈಪೋಗ್ಲಾಸಲ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮೋದನೆ ದೊರೆಯಿತು. ನಾರ್‌ಅಡ್ರಿನಲಿನ್‌ನ ಮರುಹೀರಿಕೆಯನ್ನು ತಡೆಯುವ ಅಟೊಮಾಕ್ಸೆಟಿನ್ ಮತ್ತು ಮಸ್ಕರಿನಿಕ್ ಗ್ರಾಹಕಗಳನ್ನು ತಡೆಯುವ ಆಕ್ಸಿಬ್ಯುಟಿನಿನ್‌ಗಳನ್ನು ಜೊತೆಯಾಗಿ 20 ಜನರಿಗೆ ನೀಡಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಂಟೆಗೆ 28.5ರಷ್ಟಿದ್ದ ಉಸಿರಾಟದ ಅಡಚಣೆಗಳು 7.5ಕ್ಕೆ ಇಳಿದವು. ಆದರೆ ಔಷಧ ನೀಡಿದ್ದು ಒಂದೇ ರಾತ್ರಿ. ಇಷ್ಟು ಚಿಕ್ಕ ಪ್ರಯೋಗದಿಂದ ದೀರ್ಘಕಾಲದ ಪರಿಣಾಮವನ್ನು ನಿರ್ಣಯಿಸಲಾಗದು.